ಒಂದೇ ಒಂದು ಕುದಿ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ದೊಡ್ಡ ಒಲೆ ಅಕ್ಕನದು. ಅವಳ ಕೈರುಚಿಗೆ ಎಲ್ಲ ಪಾಳಿಯವರೂ ಬೆರಳು ಚೀಪುತ್ತಿದ್ದರು. ಮ್ಯಾನೇಜರು ಕೂಡ ಮನೆಯಿಂದ ತಂದ ಡಬ್ಬಿಯನ್ನು ಮುಚ್ಚಿಟ್ಟು, ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುತ್ತಿದ್ದರು. ಅವಳ ಅಡುಗೆಗೆ ಮೂಗು ಮುರಿಯುವ ಪ್ರಾಣಿ ಭೂಮಿಯ ಮೇಲೆ ಒಂದೇ ಇತ್ತು. ಅದು ಅವಳದೇ ನಾಯಿ, ಬೂದ. ಹಿತ್ತಲ ಗಿಡ ಮದ್ದಲ್ಲ ಅಂತ ಸುಮ್ಮನೆ ಹೇಳಿದ್ದಾರೆಯೇ?

ಇದಕ್ಕೆಲ್ಲ ತಂಗಿಯೇ ಕಾರಣ ಎಂದು ಅಕ್ಕನ ತೀರ್ಮಾನ. ಸ್ಕೂಲ್ ವ್ಯಾನ್ ಓಡಿಸುವ ತಂಗಿಗೆ ಒಂದು ಮೊಟ್ಟೆಯನ್ನೂ ನೆಟ್ಟಗೆ ಬೇಯಿಸಲು ಬಾರದು. ಇಬ್ಬರ ಮನೆಗಳ ನಡುವೆ ಒಂದು ಮೋಟು ಗೋಡೆ. ಒಂದೇ ಸೂಲಿನ ಎರಡು ಮರಿಗಳನ್ನು ಹಂಚಿಕೊಂಡು ಸಾಕಿದ್ದರು. ತಂಗಿ ಯಾರದೋ ಮಾತು ಕೇಳಿ ತನ್ನ ಕೆಂಚನಿಗೆ ಹಸಿ ಮಾಂಸ, ಹಸಿ ಮೂಳೆ ಹಾಕತೊಡಗಿದಳು. ಕೆಂಚನ ಮೈ ಮಿರಮಿರ ಮಿಂಚಿತು, ಹಲ್ಲು ಬೆಳ್ಳಗಾಯಿತು. ಅದನ್ನಾದರೂ ಅಕ್ಕ ಸಹಿಸಿಯಾಳು. ಆದರೆ ಬೂದ ಅವಳು ಕಲಸಿಟ್ಟ ಅನ್ನದ ಬಟ್ಟಲನ್ನು ಒಮ್ಮೆ ಮೂಸಿ, ಗೋಡೆ ಹಾರಿ ತಂಗಿಯ ಬಾಗಿಲಲ್ಲಿ ಬಾಲ ಆಡಿಸುತ್ತ ಕೂರುತ್ತಿದ್ದ. ಈಚೆಗೆ ಮಲಗುವುದೂ ಅಲ್ಲೇ.

"ನೀನೂ ಹಸೀದೇ ಹಾಕಿ ನೋಡಕ್ಕ," ಎಂದಳು ತಂಗಿ ಒಂದು ದಿನ. "ಬೇಯಿಸಿದ ಮೂಳೆ ಮಾತ್ರ ಹಾಕ್ಬೇಡ, ಸೀಳಿ ಚುಚ್ಚುತ್ತೆ."

"ಒಲೆ ಹಚ್ಚೋಕೆ ಬರದೋಳು ನಂಗೆ ಹೇಳ್ಕೊಡ್ತೀಯಾ?"

ಬಾಯಲ್ಲಿ ಹಾಗೆಂದರೂ ಮರುದಿನ ಕದ್ದುಮುಚ್ಚಿ ಕೋಳಿ ಮೂಳೆ ತಂದಳು. ಬಟ್ಟಲಿಗೆ ಸುರಿಯಲು ಹೋದರೆ ಕೈಯೇ ಬರಲಿಲ್ಲ. ಹಸಿಯದನ್ನು ಬಡಿಸಿದ ಕೈಯಲ್ಲ ಅದು. ಒಂದೇ ಒಂದು ಕುದಿ ಬರಲಿ ಎಂದು ಒಲೆಗಿಟ್ಟಳು. ಒಂದು ಕುದಿ ಹೋಗಿ ನಾಲ್ಕಾಯಿತು, ಅಭ್ಯಾಸಬಲದಿಂದ ಚಿಟಿಕೆ ಉಪ್ಪೂ ಬಿತ್ತು. ಬೂದ ಗಬಗಬ ತಿಂದ. ತಂಗಿ ನೋಡುತ್ತಿದ್ದಾಳೋ ಇಲ್ಲವೋ ಎಂದು ಅಕ್ಕ ಗೋಡೆಯಾಚೆ ಕತ್ತು ಚಾಚಿದಳು.

ಹಿಂದೆ ತಿರುಗಿದಾಗ ಬೂದನ ಬಾಯಲ್ಲಿ ರಕ್ತ. ಕತ್ತು ಉದ್ದ ಮಾಡಿ ಉಸಿರಿಗೆ ಒದ್ದಾಡುತ್ತಿದ್ದ. ಕೂಗಬಾರದೆಂದಿದ್ದ ಹೆಸರನ್ನೇ ಕೂಗಬೇಕಾಯಿತು. ತಂಗಿ ಗೋಡೆ ಹಾರಿ ಬಂದು ನಾಯಿಯನ್ನು ಎತ್ತಿಕೊಂಡು ವ್ಯಾನಿಗೆ ಹಾಕಿದಳು.

ನಾಯಿ ಡಾಕ್ಟರು ಗಂಟಲಿನಿಂದ ಸೂಜಿಯಂಥ ಚೂರೊಂದನ್ನು ಎಳೆದು ತೆಗೆದರು. "ಬೇಯಿಸಿದ ಮೂಳೆ ಕೊಟ್ಟೋರು ಯಾರು?"

ಅಕ್ಕ ಸೆರಗಿನಿಂದ ಬೂದನ ಬಾಯಿ ಒರೆಸತೊಡಗಿದಳು.

"ಬೀದೀಲಿ ಎಲ್ಲೋ ತಿಂದಿರ್ಬೇಕು ಸಾರ್," ಎಂದಳು ತಂಗಿ.

ಮಾನ ಉಳಿಯಿತು ನಿಜ. ಆದರೆ ಉಳಿಸಿದವಳು ತಂಗಿಯೇ ಎಂಬುದು ಅಕ್ಕನಿಗೆ ಆ ಚೂರಿಗಿಂತ ಹೆಚ್ಚು ಚುಚ್ಚಿತು. ಗಾಯ ಮಾಯುವವರೆಗೆ ಹಸಿಯದೇನೂ ಬೇಡ, ಮೆತ್ತಗೆ ಬೇಯಿಸಿ ಆರಿಸಿ ಕೊಡಿ ಎಂದು ಡಾಕ್ಟರು ಹೇಳಿದರು.

ಮೆತ್ತಗೆ ಬೇಯಿಸುವುದನ್ನು ಅಕ್ಕನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೂದ ಅವಳ ಕಾಲ ಬಳಿಯೇ ಮಲಗಿದ. ಅವಳು ಬೆರಳಲ್ಲಿ ತಿನ್ನಿಸಿದ್ದನ್ನೆಲ್ಲ ತಿಂದ, ಬಟ್ಟಲನ್ನೂ ನೆಕ್ಕಿದ. ಅಷ್ಟು ಸುಖವನ್ನು ಅವಳು ಕ್ಯಾಂಟೀನಿನ ಹೊಗಳಿಕೆಯಲ್ಲೂ ಕಂಡಿರಲಿಲ್ಲ.

ಒಂದು ಬೆಳಿಗ್ಗೆ ಬೂದನ ಬಾಯಿ ಅಗಲಿಸಿ ನೋಡಿದಳು. ಗಾಯದ ಗುರುತೂ ಇರಲಿಲ್ಲ. ಅಷ್ಟರಲ್ಲಿ ಗೋಡೆಯಾಚೆಯಿಂದ ತಂಗಿಯ ದನಿ: "ಅಕ್ಕಾ, ಗಾಯ ಮಾಯ್ತಾ?"

ಬೂದನ ಬಾಲ ನೆಲಕ್ಕೆ ಪಟಪಟ ಬಡಿಯಿತು.

ಅಕ್ಕ ಅವನ ಬಾಯಿ ಮುಚ್ಚಿ, ಕತ್ತಿನ ಪಟ್ಟಿಯನ್ನು ಬಿಗಿಯಾಗಿ ಹಿಡಿದುಕೊಂಡಳು.

"ಇಲ್ಲ ಕಣೇ," ಎಂದಳು. "ಇನ್ನೂ ತುಂಬಾ ದಿನ ಬೇಕಂತೆ."