ಏನ್ರಿ ಎಂಬ ಹೆಸರು
ಪುಣೆಯ ಸೋಮವಾರ ಪೇಟೆಯ ವಾಡೆಯೊಂದರ ಮಹಡಿಯಲ್ಲಿ ಬಾಡಿಗೆಗಿದ್ದ ಗಾಸ್ತೋ ಮಾಸ್ತರರು ಹುಟ್ಟಿದ್ದು ಫ್ರಾನ್ಸಿನಲ್ಲಿ, ಕಾಲೇಜಿನಲ್ಲಿ ಫ್ರೆಂಚ್ ಕಲಿಸುತ್ತ ಕೂದಲು ನೆರೆದದ್ದು ಇಲ್ಲಿ. ಬೇಸಿಗೆಯಲ್ಲೂ ಕೋಟು ಬಿಡರು, ಜೋಳದ ರೊಟ್ಟಿಯನ್ನು ಚಾಕುವಿನಿಂದ ಕೊಯ್ದು ತಿನ್ನುವರು, ನೆರೆಯವರಿಂದ ಕಲಿತ ಕನ್ನಡದಲ್ಲಿ ಹಕಾರ ನಾಲಿಗೆಗೆ ಹತ್ತದೆ ಹಾಲಿಗೆ ಆಲು ಅನ್ನುವರು. ಕೆಳಗಿನ ಮನೆಯ ಶಿವಗಂಗವ್ವ ಗಂಡ ಸಿದ್ದಲಿಂಗಪ್ಪನವರನ್ನು "ಏನ್ರಿ" ಎಂದು ಕರೆಯುವುದನ್ನು ಕೇಳಿ ಅದೇ ಅವರ ಹೆಸರೆಂದು ತಿಳಿದರು. "ಹೆಂಡ್ತಿ ಗಂಡನ ಹೆಸರು ಹೇಳಬಾರದಂತ ಹಂಗ ಕರೀತಾಳ್ರಿ ಮಾಸ್ತರ," ಎಂದು ಸಿದ್ದಲಿಂಗಪ್ಪ ತಿಳಿಸಿದರೂ ಬಿಡಲಿಲ್ಲ. "ನಮ್ಮ ಕಡೆ ಆನ್ರಿ ಅಂತಾರ. ಅದು ರಾಜರ ಎಸರು." "ಎಸರು ಒಲಿ ಮ್ಯಾಲ ಅದರಿ," ಎಂದು ಶಿವಗಂಗವ್ವ ಒಳಗಿಂದ ನಗುವಳು. ದಿನಾ ಸಂಜೆ ಆರಕ್ಕೆ ಮಾಸ್ತರರು ಕೊಡೆ ಹಿಡಿದು ಬಾಗಿಲಲ್ಲಿ "ಏನ್ರಿ" ಎಂದು ಕೂಗುವರು, ಇಬ್ಬರೂ ತಿರುಗಾಡಲು ಹೋಗುವರು. ಸಿದ್ದಲಿಂಗಪ್ಪ ತೀರಿಕೊಂಡ ತಿಂಗಳಿಗೆ ಒಂದು ಸಂಜೆ ರೂಢಿಯಂತೆ ಕೂಗಿಬಿಟ್ಟು, "ತಪ್ಪಾತ್ರಿ" ಎಂದು ತಲೆ ತಗ್ಗಿಸಿದರು. ಶಿವಗಂಗವ್ವ ಹೊರಗೆ ಬಂದಳು. "ದಿನಾ ಒಮ್ಮೆ ಕರೀರಿ ಮಾಸ್ತರ. ಇನ್ನ ನಾ ಕರಿಯೋ ಹಂಗಿಲ್ಲ, ಕಿವಿಗಾದ್ರೂ ಬೀಳಲಿ." ಅಂದಿನಿಂದ ಮಾಸ್ತರರು ಆರಕ್ಕೆ ಒಮ್ಮೆ ಕರೆದು, ಒಬ್ಬರು ಚಪ್ಪಲಿ ಮೆಟ್ಟುವಷ್ಟು ಹೊತ್ತು ಕಾದು, ಒಬ್ಬರೇ ಹೋಗುತ್ತಾರೆ.