ಭಾರವೆಲ್ಲ ಎಡಗಾಲಿನ ಮೇಲೆ

ಅಂದು ಅತನೂರಿನ ಆ ಕಣದ ಬಳಿ ಇದ್ದವರು ನಾವು ನಾಲ್ವರು: ಕಣದ ಯಜಮಾನಿ ನೀಲಮ್ಮ, ಆಕೆಯ ಮಗ ನಿವೃತ್ತ ಹವಾಲ್ದಾರ ಶರಣಪ್ಪ, ಚೌಡಾಪುರದ ಕಡೆಯಿಂದ ಜೀಪಿನಲ್ಲಿ ಬಂದಿಳಿದಿದ್ದ ಕಾರ್ಖಾನೆಯ ಮ್ಯಾನೇಜರ್ ಸಾಹೇಬರು, ಮತ್ತು ಕಬ್ಬಿಣದ ತಲೆಯ ಕೋಲೊಂದನ್ನು ಹಿಡಿದು ಬೆಳಗಿನ ಎಂಟು ಗಂಟೆಗೇ ಬೆವರುತ್ತಿದ್ದ ನಾನು, ಅಂದರೆ ಆ ಊರ ಹೈಸ್ಕೂಲಿನ ಕನ್ನಡ ಮಾಸ್ತರ. ಜೀಪಿನ ಡ್ರೈವರನನ್ನೂ ಹಿಡಿದರೆ ಐವರು. ಆದರೆ ಆತ ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಿದ್ದೆಹೋಗಿ, ನನಗೆ ಆಗಲಿದ್ದ ಅವಮಾನಕ್ಕೆ ಒಬ್ಬ ಸಾಕ್ಷಿಯನ್ನು ಕಡಿಮೆ ಮಾಡಿ ಉಪಕರಿಸಿದ್ದ.

ಓದುಗ ಮಿತ್ರರೇ, ನಿಂತಿರುವ ಮನುಷ್ಯ ತನ್ನ ಭಾರವನ್ನು ಯಾವ ಕಾಲಿಗೆ ಒಪ್ಪಿಸಿದ್ದಾನೆ ಎಂಬುದನ್ನು ನೀವು ಎಂದಾದರೂ ಗಮನಿಸಿದ್ದೀರಾ? ನಾನಂತೂ ಮೂವತ್ತೆಂಟು ವರ್ಷ ಗಮನಿಸಿರಲಿಲ್ಲ. ಆಳಂದ ತಾಲ್ಲೂಕಿನ ನಿಂಬರ್ಗಾದಲ್ಲಿ ನನಗೆ ಮಾತು ಕಲಿಸಿದ ಅಜ್ಜ, ನಮ್ಮ ಮುತ್ಯಾ, ಬದುವಿನ ಮೇಲೆ ಕುಳಿತು, ದೂರದಲ್ಲಿ ಕೂರಿಗೆಯ ಹಿಂದೆ ನಿಂತವನ ಕಾಲುಗಳನ್ನಷ್ಟೇ ನೋಡಿ, ‘ಇಂವನ ಸಾಲ ಸೊಟ್ಟ ಆಗತಾವ’ ಎಂದು ಎತ್ತು ಹೆಜ್ಜೆಯೆತ್ತುವ ಮೊದಲೇ ತೀರ್ಪು ಕೊಡುತ್ತಿದ್ದ. ಅಫಜಲಪುರದಿಂದ ಜೇವರ್ಗಿಗೆ ಹೋಗುವ ಬಸ್ಸಿನ ಕಂಡಕ್ಟರು ಎರಡೂ ಕೈ ಬಿಟ್ಟು ಟಿಕೇಟು ಹರಿಯುತ್ತ, ಗುಂಡಿಬಿದ್ದ ರಸ್ತೆಯಲ್ಲೂ ಅಲುಗಾಡದೆ ನಿಲ್ಲುವುದನ್ನು ನೂರು ಸಲ ಕಂಡಿದ್ದೆ. ಕಂಡಿದ್ದೆನೇ ಹೊರತು ನೋಡಿರಲಿಲ್ಲ. ನೋಡಲು ಕಲಿಸಿದವರು ಹವಾಲ್ದಾರರು. ಕಲಿಸಿದ ನೆಪ, ನಂಬಿದರೆ ನಂಬಿ, ಗಾಲ್ಫ್.

ಹವಾಲ್ದಾರರು ಸೈನ್ಯದಲ್ಲಿದ್ದ ಕೊನೆಯ ಹನ್ನೆರಡು ವರ್ಷ ಅಧಿಕಾರಿಗಳ ಗಾಲ್ಫ್ ಮೈದಾನವನ್ನು ನೋಡಿಕೊಂಡವರು. ಹುಲ್ಲು ಕತ್ತರಿಸಿ, ಸಾಹೇಬರ ಚೀಲ ಹೊತ್ತು, ಪೊದೆಯಲ್ಲಿ ಕಳೆದ ಚೆಂಡು ಹುಡುಕುತ್ತಲೇ ಆ ಆಟದ ಒಳಗುಟ್ಟನ್ನೆಲ್ಲ ಕಣ್ಣಿನಿಂದ ಕುಡಿದುಬಿಟ್ಟಿದ್ದರು. ಎಂಬತ್ತರ ದಶಕದ ಆರಂಭದಲ್ಲಿ ಊರಿಗೆ ಮರಳಿದಾಗ ಅವರ ಟ್ರಂಕಿನಲ್ಲಿದ್ದದ್ದು ಯಾರೋ ಅಧಿಕಾರಿ ಪ್ರೀತಿಯಿಂದ ಕೊಟ್ಟ ಒಂದು ಹಳೆಯ ಕೋಲು ಮತ್ತು ಸಿಪ್ಪೆಯೆದ್ದ ಎಂಟು ಚೆಂಡು. ಚಾವಡಿಯ ಕಟ್ಟೆಯ ಮೇಲಿನ ಮಂದಿ ಮಾತ್ರ, ‘ಶರಣಪ್ಪ ದಂಡಿನ್ಯಾಗ ಏನ ಮಾಡತಿದ್ದನಪ? ಚೆಂಡ ಹುಡುಕತಿದ್ದ!’ ಎಂದು ನಗುತ್ತಿದ್ದರು. ಹವಾಲ್ದಾರರು ಆ ನಗೆಗೆ ಎದುರಾಡಿದ್ದನ್ನು ನಾನು ಕೇಳಿಲ್ಲ. ಆದರೆ ಅದನ್ನು ಕೇಳಿದ ದಿನ ಸಂಜೆ ಚೆಂಡುಗಳು ಎಂದಿಗಿಂತ ನೇರವಾಗಿ ಹೋಗುತ್ತಿದ್ದವು.

ಗಾಲ್ಫಿನಲ್ಲಿ ಗುಂಡಿ ಇರಬೇಕಾದದ್ದು ನುಣ್ಣನೆಯ ಹಸಿರು ಹುಲ್ಲಿನ ನಡುವೆ. ಅತನೂರಿನ ಬೇಸಿಗೆಯಲ್ಲಿ ಹಸಿರನ್ನು ಎಲ್ಲಿಂದ ತರುವುದು? ಹವಾಲ್ದಾರರಿಗೆ ಹೊಳೆದದ್ದು ತಮ್ಮದೇ ಹೊಲದ ಕಣ. ಜೋಳದ ರಾಶಿ ಮುಗಿದು ಖಾಲಿಬಿದ್ದಿದ್ದ, ಎತ್ತು ತುಳಿದು ಸೆಗಣಿಯಲ್ಲಿ ಸಾರಿಸಿ ಕನ್ನಡಿಯಂತಾಗಿದ್ದ ಕಣ! ನಡುವೆ ಎತ್ತು ಕಟ್ಟುವ ಮೇಟಿಯನ್ನು ಕಿತ್ತ ಕುಳಿಯಲ್ಲಿ ಹಾಲಿನಪುಡಿಯ ಡಬ್ಬಿಯೊಂದನ್ನು ಹೂತರೆ ಗುಂಡಿಯೂ ತಯಾರು. ನೀಲಮ್ಮ ಒಂದೇ ಒಂದು ಷರತ್ತಿಗೆ ಒಪ್ಪಿಗೆ ಕೊಟ್ಟಿದ್ದಳು. ‘ಏನರೆ ಆಡ್ಕೋ. ಕೆರಾ ಹಾಕ್ಕೊಂಡ ಮಾತ್ರ ಕಣಕ್ಕ ಕಾಲ ಇಡಬ್ಯಾಡ.’ ಅನ್ನ ಬೀಳುವ ಜಾಗದಲ್ಲಿ ಚಪ್ಪಲಿ ಮೆಟ್ಟುವುದುಂಟೇ?

ಸಂಜೆ ವಾಕಿಂಗಿಗೆಂದು ಆ ಕಡೆ ಹೋಗುತ್ತಿದ್ದ ನಾನು ಮೊದಲು ಪ್ರೇಕ್ಷಕನಾಗಿ, ಆಮೇಲೆ ಶಿಷ್ಯನಾಗಿ ಸಿಕ್ಕಿಬಿದ್ದೆ. ಅವರು ನನಗೆ ಕಲಿಸಲು ಹೊರಟದ್ದು ‘ಚಿಪ್’ ಎಂಬ ಪುಟ್ಟ ಹೊಡೆತವನ್ನು. ಗುಂಡಿಗೆ ಹತ್ತು ಹದಿನೈದು ಹೆಜ್ಜೆ ಈಚೆ, ಕಣದ ಹೊರಗೆ ನಿಂತು ಚೆಂಡನ್ನು ಮೆಲ್ಲಗೆ ತಟ್ಟಿದರೆ ಅದು ಚೂರು ಹಾರಿ, ಕಣದ ಮೇಲಿಳಿದು, ಉಳಿದ ದಾರಿಯನ್ನು ಉರುಳಿಕೊಂಡೇ ಹೋಗಬೇಕು. ನೋಡುವವರಿಗೆ ಕಡಲೆ ಸಿಪ್ಪೆ ಸುಲಿದಷ್ಟು ಸುಲಭ. ಆದರೆ ಹವಾಲ್ದಾರರು ಮೊದಲ ಒಂದು ತಿಂಗಳು ಚೆಂಡನ್ನೇ ಇಡಲಿಲ್ಲ. ನಿಲ್ಲುವುದನ್ನು ಮಾತ್ರ ಕಲಿಸಿದರು. ಎರಡೂ ಪಾದ ಹತ್ತಿರ, ಚೆಂಡು ತುಸು ಬಲಗಾಲಿನ ಕಡೆ, ಕೈಗಳು ಚೆಂಡಿಗಿಂತ ಒಂದು ಗೇಣು ಮುಂದೆ, ಭಾರವೆಲ್ಲ ಎಡಗಾಲಿನ ಮೇಲೆ.

‘ಮಾಸ್ತರ, ಚೆಂಡ ಎತ್ತಾಕ ಹೋಗಬ್ಯಾಡ್ರಿ. ಎತ್ತೂದು ಕೋಲಿನ ಕೆಲಸ ಅದ, ನಿಮ್ದಲ್ಲ. ನೀವು ನೆಟ್ಟಗ ನಿಂದರ್ರಿ ಸಾಕು.’

ನೆಟ್ಟಗೆ ನಿಲ್ಲುವುದೇ ನನ್ನಿಂದಾಗುತ್ತಿರಲಿಲ್ಲ. ಕೆಳಗಿದ್ದದ್ದನ್ನು ಮೇಲೆತ್ತಬೇಕೆಂಬ ತವಕ ಮಾಸ್ತರರ ಕಸುಬಿಗೇ ಅಂಟಿದ ರೋಗ. ಕೋಲು ಬೀಸುವ ಗಳಿಗೆಗೆ ಸರಿಯಾಗಿ ನನ್ನ ದೇಹ ಹಿಂದಕ್ಕೆ ವಾಲಿ, ಭಾರ ಬಲಗಾಲಿಗೆ ಜಾರಿ, ಕೋಲಿನ ತಲೆ ಒಮ್ಮೆ ನೆಲವನ್ನು ಅಗೆದರೆ ಇನ್ನೊಮ್ಮೆ ಚೆಂಡಿನ ನೆತ್ತಿಗೆ ಬಡಿಯುತ್ತಿತ್ತು. ದೋಷ ಪಾದರಕ್ಷೆಯದ್ದಿರಬೇಕೆಂದು ಗುಲ್ಬರ್ಗಾಕ್ಕೆ ಹೋಗಿ ದಪ್ಪ ಅಟ್ಟೆಯ ಬಿಳಿಯ ಕ್ಯಾನ್ವಾಸ್ ಬೂಟು ಕೊಂಡುತಂದೆ. ಅದರಿಂದ ಆಟ ಸುಧಾರಿಸಲಿಲ್ಲ. ತಪ್ಪು ಹೊಡೆತಗಳಿಗೆ ಒಂದು ಗಾಂಭೀರ್ಯ ಬಂತು, ಅಷ್ಟೆ.

ಹೀಗಿರಲು ಜೇವರ್ಗಿಯ ಕಡೆ ಹೊಸದಾಗಿ ಶುರುವಾಗಿದ್ದ ಕಾರ್ಖಾನೆಯೊಂದು ತನ್ನ ಕಾಲೊನಿಯಲ್ಲಿ ಗಾಲ್ಫ್ ಮೈದಾನ ಮಾಡಲು ಹೊರಟಿದೆ, ಅದನ್ನು ಕಟ್ಟಿ ಅಧಿಕಾರಿಗಳಿಗೆ ಆಟ ಕಲಿಸುವ ಒಬ್ಬ ಉಸ್ತಾದ ಬೇಕಂತೆ ಎಂಬ ಸುದ್ದಿ ಬಂತು. ಹವಾಲ್ದಾರರ ಪರವಾಗಿ ಅರ್ಜಿ ಬರೆದವನು ನಾನೇ. ಭಾಷೆಯಲ್ಲಿ ಯಾವ ಕೊರತೆಯೂ ಆಗದಂತೆ ನೋಡಿಕೊಂಡೆ. ಕೊರತೆಯಿದ್ದದ್ದು ಸರ್ಟಿಫಿಕೇಟಿಗೆ. ಚೆಂಡು ಹುಡುಕಿದವನಿಗೆ ಆಟ ಬರುತ್ತದೆಂದು ಯಾವ ಸೈನ್ಯ ತಾನೇ ಬರೆದುಕೊಟ್ಟೀತು? ಮ್ಯಾನೇಜರರು ಸ್ವತಃ ನೋಡಲು ಬಂದರು. ಹವಾಲ್ದಾರರು ಹೊಡೆದ ಐದು ಚೆಂಡುಗಳು ಡಬ್ಬಿಯ ಸುತ್ತ ಕೋಳಿಮರಿಗಳಂತೆ ಗುಂಪುಗೂಡಿದ್ದನ್ನು ಕಂಡು ತಲೆದೂಗಿ, ಸೊಲ್ಲಾಪುರದ ಕಡೆಯ ತಮ್ಮ ಕನ್ನಡದಲ್ಲಿ ಹೇಳಿದರು: ‘ನೀವು ಆಡತೀರಿ, ಠೀಕ್. ಆದ್ರೆ ನಮಗೆ ಕಲಿಸೋರು ಬೇಕು. ನೀವು ಕಲಿಸಿದೋರು ಯಾರು? ತೋರಿಸ್ರಿ.’

ಮೂವರ ದೃಷ್ಟಿಯೂ ನನ್ನ ಬಿಳಿಯ ಬೂಟಿನ ಮೇಲೆ ಬಿತ್ತು.

ಐದರಲ್ಲಿ ಮೂರು ಚೆಂಡು ಕಣದೊಳಗೆ ನಿಂತರೆ ಸಾಕು ಎಂದು ಮ್ಯಾನೇಜರರು ಉದಾರವಾಗಿ ಹೇಳಿದರು. ಒಬ್ಬ ಮನುಷ್ಯನ ಹನ್ನೆರಡು ವರ್ಷದ ಮೌನ ವಿದ್ಯೆ ನನ್ನ ಎರಡು ಸೊಟ್ಟ ಕಾಲುಗಳ ಮೇಲೆ ನಿಂತಿತ್ತು. ಮೊದಲ ಚೆಂಡು ನೆತ್ತಿಗೆ ಪೆಟ್ಟು ತಿಂದು, ಕಣವನ್ನು ಅಡ್ಡಹಾಯ್ದು ಆಚೆಯ ಬಾರಿ ಹಣ್ಣಿನ ಗಿಡದ ಬುಡ ಸೇರಿತು. ಎರಡನೆಯದಕ್ಕೆ ಮಣ್ಣು ಹಾರಿತು. ಚೆಂಡು ಎರಡಡಿ ಸರಿದು, ನನ್ನನ್ನೇ ನೋಡುತ್ತ ಕೂತಿತು.

ಅವಮಾನವಾದವನಿಗೆ ಸುಮ್ಮನೆ ನಿಲ್ಲುವುದು ಕಷ್ಟ. ಆಚೆಗೆ ಹೋದ ಚೆಂಡನ್ನು ತರುವ ನೆಪದಲ್ಲಿ ನಾನು ತಲೆತಗ್ಗಿಸಿಕೊಂಡು ಹೊರಟೆ. ಹೊರಟವನು ಗಾಬರಿಯಲ್ಲಿ ಹತ್ತಿರದ ದಾರಿಯೆಂದು ಕಣದೊಳಕ್ಕೇ ಹೆಜ್ಜೆಯಿಟ್ಟೆ.

‘ಏ ಮಾಸ್ತರಾ!’ ಬೇವಿನ ನೆರಳಲ್ಲಿ ಕುಳಿತಿದ್ದ ನೀಲಮ್ಮನ ಧ್ವನಿಗೆ ಡ್ರೈವರನ ನಿದ್ದೆಯೂ ಹಾರಿಹೋಯಿತು. ‘ಕಣ್ಣ ಕಾಣಸವಲ್ಲೇನು? ಸಾಲಿ ಕಲಿತಾಂವ ಕಣದಾಗ ಬೂಟ ಹಾಕ್ಕೊಂಡ ಬರ್ತೀ? ಬಿಚ್ಚು ಮೊದಲ! ಅಲ್ಲೇ ಬಿಚ್ಚು!’

ಅಲ್ಲೇ ಬಿಚ್ಚಿದೆ. ಬೂಟುಗಳನ್ನು ಆಕೆಯೇ ಎತ್ತಿಕೊಂಡು ಹೋಗಿ, ಜಪ್ತಿ ಮಾಡಿದವಳಂತೆ ಬೇವಿನ ಬುಡದಲ್ಲಿಟ್ಟಳು. ನಾನು ಚೆಂಡು ಹುಡುಕಿಕೊಂಡು ಬರಿಗಾಲಲ್ಲಿ ಹಿಂತಿರುಗಿದೆ. ಹೊಡೆಯುವ ಜಾಗವಿದ್ದದ್ದು ಕಣದ ಹೊರಗೆ, ಜೋಳ ಕೊಯ್ದ ಹೊಲದಲ್ಲಿ. ಎರಡು ಸಾಲು ಕೂಳೆಗಳು ಮೊಳೆಗಳಂತೆ ನಿಂತಿದ್ದವು. ಮೆತ್ತನೆಯ ಮಾಸ್ತರ ಪಾದಗಳಿಗೆ ಇದ್ದದ್ದು ನಡುವಿನ ಕಿರುಜಾಗ ಒಂದೇ. ಪಾದಗಳು ತಾವಾಗಿಯೇ ಹತ್ತಿರವಾದವು. ಸಾಲದ್ದಕ್ಕೆ ಬರುವ ದಾರಿಯಲ್ಲಿ ಬಲ ಹಿಮ್ಮಡಿಗೆ ನೆಗ್ಗಿಲ ಮುಳ್ಳೊಂದು ನೆಟ್ಟಿತ್ತು. ಎಲ್ಲರೂ ನೋಡುತ್ತಿರುವಾಗ ಕಾಲೆತ್ತಿ ಮುಳ್ಳು ಕೀಳುವುದು ಹೇಗೆ? ಹಿಮ್ಮಡಿಯನ್ನು ಚೂರು ಮೇಲಿಟ್ಟು, ಇದ್ದಬದ್ದ ಭಾರವನ್ನೆಲ್ಲ ಎಡಗಾಲಿಗೆ ಸುರಿದು ನಿಂತೆ.

‘ಹಾಂ!’ ಎಂದರು ಹವಾಲ್ದಾರರು, ಮೂರು ತಿಂಗಳಲ್ಲಿ ಮೊದಲ ಸಲ. ‘ಹಿಂಗ ಇರ್ರಿ. ಅಲಗ್ಯಾಡಬ್ಯಾಡ್ರಿ.’

ಅಲುಗಾಡಿದ್ದರೆ ಮುಳ್ಳು ಸುಮ್ಮನಿರುತ್ತಿತ್ತೇ? ಹಿಂದಕ್ಕೆ ವಾಲುವ ದಾರಿಯೇ ಮುಚ್ಚಿಹೋಗಿತ್ತು. ಕೋಲು ತಗ್ಗಿನಲ್ಲೇ ಹಿಂದೆ ಹೋಗಿ, ತಗ್ಗಿನಲ್ಲೇ ಮುಂದೆ ಬಂತು. ಟಿಕ್ ಎಂದು ಒಂದು ಸಣ್ಣ ಸದ್ದು. ಚೆಂಡು ಮೊಣಕಾಲೆತ್ತರಕ್ಕೆ ಹಾರಿ ಅಂಚು ದಾಟಿ ಕಣದೊಳಗೆ ಇಳಿದು, ಉರುಳುತ್ತ ಹೋಗಿ ಡಬ್ಬಿಯಿಂದ ಮೂರು ಗೇಣು ದೂರ ನಿಂತಿತು. ಅದರ ಹಿಂದೆಯೇ ನಾಲ್ಕನೆಯದೂ ಹೋಗಿ ಅದರ ಪಕ್ಕ ಕೂತಿತು. ಜೀವನದಲ್ಲಿ ಕೆಲವೇ ಸಲ ನನ್ನ ದೇಹದ ಬಗ್ಗೆ ನನಗೆ ಅಭಿಮಾನವೆನಿಸಿದೆ; ಆ ಎರಡು ಗಳಿಗೆ ಅವುಗಳಲ್ಲಿ ಸೇರಿವೆ. ಗುರುವಿನ ಮೂರು ತಿಂಗಳ ಪಾಠ ನನ್ನೊಳಗೆಲ್ಲೋ ಇತ್ತು. ನಮ್ಮ ನೆಲವೇ ನನ್ನನ್ನು ಹಿಡಿದು ನಿಲ್ಲಿಸಿ ಅದನ್ನು ಹೊರಗೆ ತೆಗೆಯಬೇಕಾಯಿತು.

ಐದನೆಯ ಚೆಂಡೂ ಚೆನ್ನಾಗಿಯೇ ಹಾರಿತು, ಆದರೆ ತುಸು ಗಿಡ್ಡವಾಯಿತು. ಅಂಚಿಗೆ ಬಂದು, ಒಂದು ಸುತ್ತು ಯೋಚಿಸಿ, ನಿಂತಿತು. ಮ್ಯಾನೇಜರರು ಬಗ್ಗಿ ನೋಡಿದರು. ಒಳಗೆಂದರೆ ಒಳಗೆ, ಹೊರಗೆಂದರೆ ಹೊರಗೆ. ಅವರು ನಗುತ್ತ, ‘ಅರೆ, ಇದು ಒಳಗೇ ಅಲ್ಲವಾ? ಚಲೇಗಾ’ ಎಂದರು. ನನಗೆ ಕುಣಿಯುವಂತಾಯಿತು.

ಹವಾಲ್ದಾರರು ಮುಂದೆ ಬಂದು, ಕುಕ್ಕರಗಾಲಲ್ಲಿ ಕುಳಿತು, ಸೆಗಣಿ ಸಾರಿಸಿದ ಗೆರೆಗೂ ಚೆಂಡಿಗೂ ನಡುವೆ ಬೆರಳಿಟ್ಟರು.

‘ಇಲ್ಲ ಸಾಹೇಬ್ರ. ಎರಡ ಬೆರಳ ಹೊರಗ ಅದ ರೀ.’

ಮ್ಯಾನೇಜರರು ಅವರನ್ನು ಒಮ್ಮೆ, ಚೆಂಡನ್ನು ಒಮ್ಮೆ ನೋಡಿ, ‘ತಿಳಿಸತೀನಿ’ ಎಂದಷ್ಟೇ ಹೇಳಿ ಜೀಪು ಹತ್ತಿದರು. ಧೂಳು ಅಡಗುವವರೆಗೂ ನಾವು ಅಲ್ಲೇ ಇದ್ದೆವು. ನಾನು ಕೂತು ಮುಳ್ಳು ತೆಗೆಯುತ್ತಿದ್ದೆ. ಅದಕ್ಕಿಂತ ದೊಡ್ಡ ಮುಳ್ಳು ಎದೆಯಲ್ಲಿತ್ತು. ಮೊದಲು ಬಾಯಿ ತೆರೆದವಳು ನೀಲಮ್ಮ.

‘ಅಂವನೇ ಒಳಗ ಅದ ಅಂದ್ನಲ್ಲೋ ಶರಣ್ಯಾ. ನೀ ಹೂಂ ಅಂದಿದ್ರ ಏನ ಆಗತಿತ್ತು?’

‘ಕಣದ ಮ್ಯಾಲ ನಿಂತು ಸುಳ್ಳ ಹೇಳ್ಲೇನಬೇ?’

ಆಕೆ ನನ್ನ ಪಕ್ಕ ಬಿದ್ದಿದ್ದ ಕೋಲನ್ನು ಎತ್ತಿಕೊಂಡಳು. ರಾಶಿ ಅಳೆಯುವಾಗ ಕಣದಲ್ಲಿ ಸುಳ್ಳಾಡಬಾರದೆಂದು ಆತನಿಗೆ ಕಲಿಸಿದವಳು ಆಕೆಯೇ. ಸೆರಗಿನಿಂದ ಕೋಲಿನ ತಲೆಯ ಮಣ್ಣನ್ನು ಒರೆಸಿ ಮಗನ ಕೈಗೆ ಕೊಟ್ಟಳು. ಆ ಮೊದಲು ಆಕೆ ಅದನ್ನು ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ.

ಆ ದಿನದ ಬಗ್ಗೆ ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಕಾಲು ಸರಿಯಾಗಿ ಊರಿದವನಿಗೆ ಹೊಡೆಯುವಾಗ ಹೆಚ್ಚೇನೂ ಮಾಡುವುದು ಉಳಿದಿರುವುದಿಲ್ಲ. ಹವಾಲ್ದಾರರು ಆ ಎರಡು ಬೆರಳನ್ನು ಇಟ್ಟಾಗ ಅವರಿಗೆ ಯಾವ ಕಷ್ಟವೂ ಆದಂತೆ ಕಾಣಲಿಲ್ಲ. ಕಷ್ಟಪಟ್ಟದ್ದು ನೋಡುತ್ತಿದ್ದ ನಾನು. ಅವರ ಮೊದಲ ಶಿಷ್ಯನೆಂದು ಹೇಳಿಕೊಳ್ಳುವಾಗ ಇಂದಿಗೂ ನನ್ನ ಬೆನ್ನು ತಾನಾಗಿ ನೆಟ್ಟಗಾಗುತ್ತದೆ.

ಎಂಟು ದಿನದ ನಂತರ ಮ್ಯಾನೇಜರರು ಡ್ರೈವರನಿಲ್ಲದೆ ಒಬ್ಬರೇ ಬಂದರು. ಸರ್ಟಿಫಿಕೇಟಿದ್ದ ಮೂವರು ಬಂದುಹೋದರಂತೆ. ‘ಮೂರೂ ಜನ ನನ್ನ ಚೆಂಡು ಎಲ್ಲಿ ಬಿದ್ದರೂ ವಾಹ್ವಾ ಅಂದರು’ ಎಂದು ಹೇಳಿ, ಜೀಪಿನಿಂದ ತಮ್ಮ ಕೋಲನ್ನು ತೆಗೆದು, ‘ನನ್ನದು ಎಲ್ಲಿ ತಪ್ಪುತ್ತೆ, ನೋಡಿ ಹೇಳ್ರಿ’ ಎಂದು ಹವಾಲ್ದಾರರ ಮುಂದೆ ನಿಂತರು. ಮುಂದಿನ ತಿಂಗಳು ಹವಾಲ್ದಾರರು ಟ್ರಂಕು ಹೊತ್ತು ಜೇವರ್ಗಿಯ ಬಸ್ಸು ಹತ್ತಿದರು. ಆ ಕಾಲೊನಿಯಲ್ಲಿ ಅವರು ಒಂಬತ್ತು ಗುಂಡಿಗಳಿಗೆ ಹುಲ್ಲಿನ ಬದಲು ಒಂಬತ್ತು ಕಣ ಮಾಡಿಸಿದರು, ಎತ್ತು ತರಿಸಿ ತುಳಿಸಿಯೇ. ಮೊದಲನೆಯದನ್ನು ನೀಲಮ್ಮ ಹೋಗಿ ಸಾರಿಸಿಕೊಟ್ಟು ಬಂದಳು.