ಟವೆಲಿನ ಕೆಳಗೆ ಕುದುರಿದ ಮಾತು

ಹಲಗೇರಿಯ ಸಿದ್ದವ್ವನ ಮನೆಯಲ್ಲಿ ಸಲಹೆಗಳಿಗೆ ಬರವಿರಲಿಲ್ಲ, ಬರವಿದ್ದದ್ದು ಕೈಗಳಿಗೆ. ಗಂಡ ಮಾಲತೇಶಪ್ಪ ಹಾವೇರಿ ದನದ ಸಂತೆಯ ಹಳೆಯ ದಲಾಲಿ. ಎತ್ತುಗಳನ್ನು ಟೆಂಪೋಗೆ ಹತ್ತಿಸುವಾಗ ಬಿದ್ದು, ಬೆನ್ನಿಗೆ ಪೆಟ್ಟಾಗಿ, ಸೊಂಟದ ಕೆಳಗೆ ಜೀವವೇ ಇಲ್ಲದಂತಾಗಿತ್ತು. ಮಲಗಿದಲ್ಲೇ ಮಲಗಿ ಬೆನ್ನಿನ ತುದಿಗೆ ಹುಣ್ಣಾಯಿತು. ಇನ್ನಷ್ಟು ಆಳಕ್ಕಿಳಿದರೆ ಹುಬ್ಬಳ್ಳಿಗೆ ಒಯ್ದು ಕೊಯ್ಯಬೇಕಾಗುತ್ತದೆ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಹುಬ್ಬಳ್ಳಿಗೆ ಹೋದರೆ ತಾನು ತಿರುಗಿ ಮನೆ ನೋಡುವುದಿಲ್ಲ ಎಂದು ಮಾಲತೇಶಪ್ಪ ನಂಬಿದ್ದ. ಅದೊಂದನ್ನು ಮಾತ್ರ ಅವನು ಬಾಯಿಬಿಟ್ಟು ಹೇಳಿದ್ದು.

ಉಳಿದದ್ದನ್ನೆಲ್ಲ ಬೇರೆಯವರು ಹೇಳಿದರು. ಬ್ಯಾಡಗಿಯಿಂದ ಬಂದ ಸೋದರತ್ತೆ ಅರಿಶಿಣ ಮೆತ್ತು ಎಂದಳು. ಪಕ್ಕದ ಮನೆಯವರು ಲಾರಿಯ ಟ್ಯೂಬು ತಂದು ಇದರ ಮೇಲೆ ಕೂಡಿಸು ಎಂದರು. ರಾಣೆಬೆನ್ನೂರಿನಲ್ಲಿ ಬೀಜದ ಅಂಗಡಿ ಇಟ್ಟಿರುವ ಮೈದುನ ಚನ್ನೇಶ ಗಾಳಿ ಹಾಸಿಗೆಯನ್ನೇ ತಂದ. ತಂದವನು ಅಣ್ಣನಿಗೆ ಒತ್ತದಿರಲಿ ಎಂದು ಅದರ ಮೇಲೆ ಎರಡು ಕಂಬಳಿ, ಒಂದು ರಬ್ಬರ್ ಶೀಟು ಹಾಸಿ, ಗಾಳಿಯ ಗುಣ ಗಾಳಿಗೇ ಹೋಗುವಂತೆ ಮಾಡಿದ. ಕಾಲು ದೇವರ ಜಗಲಿಯ ಕಡೆ ಆಗಬಾರದೆಂದು ಮಂಚ ತಿರುಗಿಸಿದವನೂ ಅವನೇ. ಬಂದವರಿಗೆಲ್ಲ ಚಹಾ ಮಾಡಿದವಳು ಸಿದ್ದವ್ವ. ಹುಣ್ಣು ಯಾಕೆ ಮಾಯುತ್ತಿಲ್ಲ ಎಂದು ಅವರೆಲ್ಲ ಕೇಳಿದ್ದೂ ಅವಳನ್ನೇ.

ಅವಳೇನು ಸುಮ್ಮನೆ ಕೂತಿರಲಿಲ್ಲ. ಮಗ್ಗುಲಾಗಿ ಮಲಗಿಸಬೇಕು ಎಂದು ಡಾಕ್ಟರು ಹೇಳಿದ್ದರಿಂದ ತನ್ನ ಸೊಂಟ ಮುರಿದುಕೊಂಡು ಗಂಡನನ್ನು ಹೊರಳಿಸಿ ದಿಂಬು ಕೊಡುತ್ತಿದ್ದಳು. ಅಡಿಗೆ ಮನೆಗೆ ಹೋಗಿ ಬರುವಷ್ಟರಲ್ಲಿ ಅವನು ಮಂಚದ ಸರಳು ಹಿಡಿದು ಜಗ್ಗಿ ಮತ್ತೆ ಅಂಗಾತ. ಯಾಕೆಂದು ಕೇಳಿದರೆ ಚಹಾ ಆಯಿತೇ ಎನ್ನುತ್ತಿದ್ದ. ಹಗಲು ಹಿಂಗೆ, ರಾತ್ರಿಯೂ ಹಿಂಗೆ. ನಿದ್ದೆಗೆಟ್ಟು ಅವಳ ಕಣ್ಣುಗಳು ಬ್ಯಾಡಗಿ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿದ್ದವು.

ಡ್ರೆಸ್ಸಿಂಗ್ ಮಾಡಲು ಬರುತ್ತಿದ್ದ ನರ್ಸ್ ತಬಸ್ಸುಮ್ ಒಂದು ಮಧ್ಯಾಹ್ನ ಹುಣ್ಣು ನೋಡಿ ಮುಖ ಸಣ್ಣದು ಮಾಡಿದಳು. ಚನ್ನೇಶನೂ ಅಲ್ಲೇ ಇದ್ದ, ಸೋದರತ್ತೆಯೂ ಇದ್ದಳು. ತಬಸ್ಸುಮ್ ಮಂಚದ ಪಕ್ಕ ಸ್ಟೂಲು ಎಳೆದು ಕೂತು, ಈ ಮಾತನ್ನು ನಾನು ಮೊದಲೇ ಕೇಳಬೇಕಿತ್ತು ಎಂದು, ಮಾಲತೇಶಪ್ಪನ ಕಡೆ ತಿರುಗಿದಳು.

"ಕಾಕಾ, ಮಗ್ಗಲಾಗಿ ಮಲಗಾಕ ನಿಮಗೇನು ತ್ರಾಸ ಐತಿ?"

"ಏನಿಲ್ಲವಾ. ನೀವು ಹೆಂಗಂತೀರಿ ಹಂಗ."

ಸಿದ್ದವ್ವನಿಗೆ ಪಿತ್ತ ನೆತ್ತಿಗೇರಿತು. ಈ ಮನುಷ್ಯನ ಜೊತೆ ಸಂಸಾರ ಮಾಡಿದವಳಿಗೆ ಆ ದನಿಯ ಗುರುತಿತ್ತು. ಸಂತೆಯಲ್ಲಿ ನಾಲ್ಕು ಮಂದಿ ಸುತ್ತ ನಿಂತಾಗ ಅವನು ಹೀಗೇ ಯಾರಿಗೂ ಏನೂ ಬೇಡವೆಂಬಂತೆ ಮಾತಾಡುತ್ತಿದ್ದ. ಖರೆ ಮಾತು ನಡೆಯುತ್ತಿದ್ದದ್ದು ಟವೆಲಿನ ಕೆಳಗೆ, ಬೆರಳು ಬೆರಳು ಹಿಡಿದು. ಮಂದಿಯ ಮುಂದೆ ದರ ಬಾಯಿಬಿಟ್ಟ ದಲಾಲಿ ದಲಾಲಿಯೇ ಅಲ್ಲ. ತನ್ನ ಮೈ ವಿಷಯದಲ್ಲೂ ಈ ಮಹರಾಯ ಅದನ್ನೇ ನಡೆಸಿದ್ದ.

ಅವಳು ಹೆಗಲ ಮೇಲಿನ ಟವೆಲು ತೆಗೆದು ಅವನ ಕೈ ಮೇಲೆ ಒಗೆದು, ಒಳಗೆ ಕೈ ಹಾಕಿದಳು. ಮೂರು ಬೆರಳು ಒತ್ತಿದಳು: ಮೂರು ತಾಸು ಮಗ್ಗುಲಾಗಿ. ಅವನು ತಡೆದು ಒಂದು ಬೆರಳು ಹಿಡಿದ. ತಬಸ್ಸುಮ್‌ಗೆ ಅರ್ಥವಾಗಲಿ ಎಂದು ಸಿದ್ದವ್ವ ಎರಡೂ ದರವನ್ನು ಜೋರಾಗಿಯೇ ಹೇಳಿದಳು. ಎರಡಕ್ಕಿಂತ ಮೇಲೆ ಒಂದೇ ಮಗ್ಗುಲು ಬೇಡ ಎಂದಳು ತಬಸ್ಸುಮ್. ಎರಡು ಬೆರಳಾಯಿತು. ಆದರೆ ಅವನು ಕೈ ಬಿಡಲಿಲ್ಲ. ಅವಳ ಮುಂಗೈ ಹಿಡಿದೆಳೆದು, ಕಿವಿಯ ಹತ್ತಿರ ಹೇಳಿದ:

"ಗ್ವಾಡಿ ನೋಡಿ ನೋಡಿ ಸಾಕಾಗೈತಿ. ಮಾರಿ ಹಾದಿ ಕಡಿ ಮಾಡು, ಮಲಗ್ತೇನಿ."

ಅಷ್ಟೇ. ಇಷ್ಟು ದಿನ ಸೋದರತ್ತೆಯ ಅರಿಶಿಣ, ಲಾರಿಯ ಟ್ಯೂಬು, ಚನ್ನೇಶನ ಕಂಬಳಿ, ಅವಳ ಸೊಂಟ ಎಲ್ಲ ಸೇರಿ ಸೋತದ್ದು ಒಂದು ಗೋಡೆಗೆ.

"ನಂದೂ ಒಂದ ಐತಿ," ಎಂದಳು ಸಿದ್ದವ್ವ, ಎಲ್ಲರಿಗೂ ಕೇಳುವಂತೆ. "ರಾತ್ರಿ ಎರಡೆರಡ ತಾಸಿಗೊಮ್ಮೆ ಏಳೂದು ನನ್ನಿಂದ ಆಗೂದಿಲ್ಲ."

ಅದಕ್ಕೂ ದಾರಿ ಇದೆ ಎಂದಳು ತಬಸ್ಸುಮ್. ಹಾಸಿಗೆಯ ಮೇಲಿನ ಕಂಬಳಿ, ಶೀಟು ತೆಗೆದರೆ ಗಾಳಿ ಹಾಸಿಗೆ ತನ್ನ ಕೆಲಸ ಮಾಡುತ್ತದೆ; ರಾತ್ರಿ ಹೊರಳಿಸುವುದನ್ನು ಸ್ವಲ್ಪ ದೂರ ದೂರ ಮಾಡಿ, ಬೆಳಿಗ್ಗೆ ಚರ್ಮ ಕೆಂಪಾಗಿದೆಯೋ ನೋಡೋಣ, ಆಗಿದ್ದರೆ ಮತ್ತೆ ಕೂತು ಮಾತಾಡೋಣ ಎಂದಳು. ಟ್ಯೂಬು ಮಾತ್ರ ಲಾರಿಗೇ ಇರಲಿ.

ಮುಖ ಗೋಡೆ ಬಿಟ್ಟು ಹಾದಿಯ ಕಿಟಕಿಯ ಕಡೆ ಬರಲೆಂದು ಮಂಚವನ್ನು ಮತ್ತೆ ಮೊದಲಿನಂತೆ ತಿರುಗಿಸುವಾಗ ಚನ್ನೇಶ ತಡೆದ. "ವೈನಿ, ಕಾಲು ಜಗಲಿ ಕಡಿ ಆಗ್ತಾವಲ್ಲ."

"ಜಗಲಿ ಮ್ಯಾಲಿನ ದೇವರನ್ನ ಎತ್ತಿ ಆ ಕಡಿ ಇಡೂದು ಸಲೀಸಪ್ಪಾ. ನಿಮ್ಮಣ್ಣನ್ನ ಎತ್ತಿ ನೋಡು, ಗೊತ್ತಾಗತೈತಿ."

ಚನ್ನೇಶ ದೇವರನ್ನೇ ಎತ್ತಿದ.

ಮಳೆಗಾಲ ಮುಗಿಯುವ ಹೊತ್ತಿಗೆ ಹುಣ್ಣಿನ ಅಂಚು ಗುಲಾಬಿಯಾಗಿ ಒಳಗೆ ಸರಿಯತೊಡಗಿತು. ಸದ್ಯಕ್ಕೆ ಹುಬ್ಬಳ್ಳಿ ಬೇಡ ಎಂದರು ಡಾಕ್ಟರು. ಮಾಲತೇಶಪ್ಪ ಮಗ್ಗುಲಾಗಿ ಮಲಗಿ, ಹಾದಿಯಲ್ಲಿ ಹೋಗುವ ಎತ್ತುಗಳ ಕೊಂಬು, ಗೊರಸು, ಸುಳಿ ಎಲ್ಲದರಲ್ಲೂ ಹುಳುಕು ಹುಡುಕುತ್ತಾನೆ. ಸಿದ್ದವ್ವ ಒಂದಿಷ್ಟು ನಿದ್ದೆ ಮಾಡುತ್ತಾಳೆ. ಆದರೆ ಸುಖ ಎನ್ನುವಂತಿಲ್ಲ. ಹೊರಳಿಸಲು ಬಂದಾಗಲೆಲ್ಲ ಅವನು ಮೊದಲು ಟವೆಲು ಕೇಳುತ್ತಾನೆ. ಈಚೆಗೆ ಚಹಾದ ಸಕ್ಕರೆಗೂ ಕೇಳತೊಡಗಿದ್ದಾನೆ.